ಮೊಬೈಲೇ ಬಹುಮಾನ, ಮೊಬೈಲೇ ಶಿಕ್ಷೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಬಾಗಲಕೋಟೆಯ ಮೊಬೈಲ್ ಅಂಗಡಿಗಳಿಗೆ ಸುಗ್ಗಿ. ಮಗ ಮುಂದೆ, ಅಪ್ಪ ಹಿಂದೆ. “ಡಿಸ್ಟಿಂಕ್ಷನ್ ಬಂದ್ರ ಕೊಡಸ್ತೀನಿ ಅಂದಿದ್ದೆ ನೋಡ್ರಿ, ಮಾತು ತಪ್ಪಾಕ ಬರೂದಿಲ್ಲ” ಅಂತ ಹೆಮ್ಮೆಯಿಂದ ಹೇಳುತ್ತಾರೆ. ಮುಂದೆ ಪಿಯುಸಿ ಮೊದಲ ಟೆಸ್ಟ್‌ನಲ್ಲಿ ಮಾರ್ಕ್ಸ್ ಬಿದ್ದವು ಅಂದರೆ, ಅದೇ ಅಪ್ಪ ಅದೇ ಮೊಬೈಲ್ ಕಸಿದುಕೊಂಡು ತಿಜೋರಿಯಲ್ಲಿಡುತ್ತಾರೆ. ಆಮೇಲೆ ಮನೆಯಲ್ಲಿ ರಂಪ. “ಈಗಿನ ಹುಡುಗರಿಗೆ ಮೊಬೈಲ್ ಹುಚ್ಚು ರೀ!”

ಹುಚ್ಚು ಹಿಡಿಸಿದ್ದು ಯಾರು? ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬಹುಮಾನ ಮೊಬೈಲು, ಎಲ್ಲಕ್ಕಿಂತ ದೊಡ್ಡ ಶಿಕ್ಷೆಯೂ ಮೊಬೈಲು ಅಂತ ಮಾಡಿಟ್ಟವರು ನಾವೇ ಅಲ್ವಾ?

ಇದು ನನ್ನೊಬ್ಬಳ ತಲೆಹರಟೆ ಅಲ್ಲ. ಅಮೆರಿಕದಲ್ಲಿ 12–13 ವರ್ಷದ ಸುಮಾರು 10,000 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಅಪ್ಪ ಅಮ್ಮ ತಾವೇ ಸದಾ ಸ್ಕ್ರೀನ್ ನೋಡುವುದು, ಊಟದ ಹೊತ್ತಿಗೆ ಸ್ಕ್ರೀನ್, ಮಲಗುವ ಕೋಣೆಯಲ್ಲಿ ಸ್ಕ್ರೀನ್, ಬಹುಮಾನ-ಶಿಕ್ಷೆಗೆ ಸ್ಕ್ರೀನ್. ಇವೆಲ್ಲ ಇದ್ದ ಮನೆಗಳ ಮಕ್ಕಳು ಸ್ಕ್ರೀನ್ ನೋಡುವುದು ಜಾಸ್ತಿ ಇತ್ತು. ಹೊತ್ತಿಗೆ ಮಿತಿ ಹಾಕಿ ಗಮನ ಇಟ್ಟ ಮನೆಗಳಲ್ಲಿ ಕಡಿಮೆ ಇತ್ತು. ಯಾವುದರಿಂದ ಯಾವುದು ಆಯಿತು ಅಂತ ಇಂಥ ಅಧ್ಯಯನ ಖಚಿತವಾಗಿ ಹೇಳುವುದಿಲ್ಲ, ಅದು ನಿಜ. ಮೊದಲೇ ಮೊಬೈಲ್ ಬಿಡದ ಹುಡುಗನನ್ನು ಬಗ್ಗಿಸಲು ಅಪ್ಪ ಮೊಬೈಲನ್ನೇ ಹಿಡಿದಿರಬಹುದು.

ಆದರೂ ಒಂದು ವ್ಯತ್ಯಾಸ ನೋಡಿ. ರಾತ್ರಿ ಒಂಬತ್ತಾದ ಮೇಲೆ ಎಲ್ಲರ ಮೊಬೈಲೂ ಪಡಸಾಲೆಯಲ್ಲಿ ಚಾರ್ಜಿಗೆ. ಮಾರ್ಕ್ಸ್ 90 ಬರಲಿ, 40 ಬರಲಿ. ಇದು ಮಿತಿ. 40 ಬಂತು ಅಂತ ಕಸಿದುಕೊಂಡರೆ ಅದು ಸಿಟ್ಟು. ಹದಿನಾರರ ಹುಡುಗನಿಗೆ ಎರಡೂ ಚೆನ್ನಾಗಿ ಗೊತ್ತಾಗುತ್ತದೆ.

“ಎಲ್ಲರ” ಅನ್ನುವಲ್ಲೇ ನಮ್ಮವರು ಜಾರಿಕೊಳ್ಳುತ್ತಾರೆ. ರೊಟ್ಟಿ ಬಡಿಯುತ್ತಾ ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ ಸೀರಿಯಲ್ ನೋಡುವ ಅವ್ವನ ಮೇಲೆ ಎಲ್ಲರ ಕಣ್ಣು. ದಿನಕ್ಕೆ ಅವಳಿಗೆ ಸಿಗೋದೇ ಅಷ್ಟು, ಬಿಡಿ. ತಾಟಿನ ಮುಂದೆ ಕೂತು ಎಡಗೈಯಲ್ಲಿ ರೀಲ್ಸ್ ತಳ್ಳುವ ಅಪ್ಪನನ್ನು ಕೇಳಿದರೆ, “ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ಲಿನ ಮೆಸೇಜ್ ಬರೂದೈತಿ!” ಬಿಲ್ಲು ರೀಲ್ಸ್‌ನಾಗ ಬರ್ತದೇನ್ರೀ?

ಪಕ್ಕದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಎಂಬ ಊರಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಎಂಟೂವರೆ ತನಕ ಟಿವಿ, ಮೊಬೈಲ್ ಬಂದ್ ಮಾಡುವ ಪದ್ಧತಿ ಶುರು ಮಾಡಿದರು. ನನಗೆ ಹಿಡಿಸಿದ್ದು ಸೈರನ್ ಅಲ್ಲ. ದೊಡ್ಡವರಿಗೂ ಅದೇ ರೂಲ್ ಅನ್ನೋದು.

ಇನ್ನೊಂದು. ಇನ್‌ಸ್ಟಾಗ್ರಾಮ್‌ಗೆ 13 ವರ್ಷ ಆಗಿರಬೇಕು. ಹನ್ನೊಂದರ ಮಗಳು ಹಟ ಮಾಡಿದಳು ಅಂತ ಹುಟ್ಟಿದ ಇಸವಿ ಹಿಂದೆ ಹಾಕಿ ಅಕೌಂಟ್ ತೆರೆದುಕೊಡುವವರು ಸ್ವತಃ ಅಪ್ಪಂದಿರೇ. ಆ ಕಂಪನಿ 2024ರಲ್ಲಿ ಹದಿಹರೆಯದವರಿಗೆಂದೇ ಬೇರೆ ಅಕೌಂಟ್ ತಂದಿತು. ಅದರಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ನೋಟಿಫಿಕೇಶನ್ ಬಂದ್. 16 ತುಂಬದ ಮಕ್ಕಳು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಇದನ್ನು ಸಡಿಲ ಮಾಡುವಂತಿಲ್ಲ. ಆದರೆ ನೀವು ಮಗಳಿಗೆ 19 ವರ್ಷ ಅಂತ ಬರೆದಿದ್ದರೆ ಇದ್ಯಾವುದೂ ಅವಳಿಗೆ ಸಿಗುವುದಿಲ್ಲ. ಇವತ್ತೇ ತೆಗೆದು ನೋಡಿ.

ನಿದ್ದೆ, ಊಟ, ಶಾಲೆ ಎಲ್ಲಾ ಕೆಟ್ಟಿದ್ದರೆ ಮಾತ್ರ ಮನೆಯ ರೂಲ್ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗೆಂದೇ ಶಟ್ ಕ್ಲಿನಿಕ್ 2014ರಿಂದ ಇದೆ. ಅಷ್ಟು ದೂರ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಶಾಲೆಗಳು ಹೋಮ್‌ವರ್ಕನ್ನು ರಾತ್ರಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತವೆ. ಮಕ್ಕಳಿಗೆ ಅದಕ್ಕಿಂತ ಒಳ್ಳೆ ನೆಪ ಬೇಕೇ? ಮುಂದಿನ ಪಾಲಕರ ಸಭೆಯಲ್ಲಿ ಮಾರ್ಕ್ಸ್ ಕೇಳುವ ಮೊದಲು ಇದನ್ನು ಕೇಳೋಣ: “ಸರ್, ಹೋಮ್‌ವರ್ಕ್ ಡೈರಿಯೊಳಗ ಬರಸ್ತೀರೇನ್ರಿ?”