ಸತ್ಯಾಂಶ: ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆಯೇ?

ಒಬ್ಬರೇ ಇರುವಾಗ ಹೃದಯಾಘಾತವಾದರೆ ದೀರ್ಘವಾಗಿ ಉಸಿರೆಳೆದು ಪದೇ ಪದೇ ಜೋರಾಗಿ ಕೆಮ್ಮಬೇಕು, ಅದರಿಂದ ಜೀವ ಉಳಿಯುತ್ತದೆ ಎಂಬ ಸಂದೇಶ ವರ್ಷಗಳಿಂದ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಮತ್ತು ಅಪಾಯಕಾರಿ.

ಹೃದಯದ ಗೋಡೆಯು ಬಿಡುವಿಲ್ಲದೆ ದುಡಿಯುವ ವಿಶೇಷ ಸ್ನಾಯು ಅಂಗಾಂಶದಿಂದಾಗಿದೆ. ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿದ್ದರೂ, ಈ ಸ್ನಾಯುವಿಗೆ ಬೇಕಾದ ಆಮ್ಲಜನಕ ದೊರೆಯುವುದು ಮುಖ್ಯವಾಗಿ ಹೊರಮೈಯಲ್ಲಿ ಹಬ್ಬಿರುವ ಕರೋನರಿ ಅಪಧಮನಿಗಳ ಮೂಲಕ. ಇಂತಹ ಅಪಧಮನಿಯೊಂದರಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ, ಅದನ್ನೇ ನಂಬಿದ ಸ್ನಾಯುಕೋಶಗಳು ಸಾಯತೊಡಗುತ್ತವೆ, ಇದೇ ಹೃದಯಾಘಾತ. ಕೆಮ್ಮು ಎದೆಗೂಡಿನೊಳಗಿನ ಒತ್ತಡವನ್ನು ಕ್ಷಣಕಾಲ ಏರಿಸಬಹುದೇ ಹೊರತು ಆ ಹೆಪ್ಪನ್ನು ಕರಗಿಸಲಾರದು.

ಈ ನಂಬಿಕೆಗೆ ಒಂದು ಮೂಲವಿದೆ. ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳನ್ನು ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆ) ನಡೆಯುವಾಗ ಬಡಿತದ ಲಯ ಹಠಾತ್ತನೆ ಕೆಟ್ಟ ರೋಗಿಗಳು, ವೈದ್ಯರ ಸೂಚನೆಯಂತೆ ಕೆಮ್ಮಿ ಕೆಲವು ಕ್ಷಣ ಪ್ರಜ್ಞೆ ಉಳಿಸಿಕೊಂಡದ್ದು 1976ರಲ್ಲಿ ವರದಿಯಾಗಿತ್ತು. ಅಲ್ಲಿ ಮಾನಿಟರ್, ವೈದ್ಯರು, ವಿದ್ಯುತ್ ಆಘಾತ ನೀಡುವ ಯಂತ್ರ ಎಲ್ಲವೂ ಪಕ್ಕದಲ್ಲೇ ಇದ್ದವು. ಮನೆಯಲ್ಲಿ ಹಾಗೆ ಲಯ ಕೆಟ್ಟು ಹೃದಯ ಸ್ತಂಭಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೆಮ್ಮಲು ಅವಕಾಶವೇ ಇರುವುದಿಲ್ಲ.

ಎದೆಯಲ್ಲಿ ಹಿಂಡಿದಂತಹ ನೋವು ಕಾಣಿಸಿಕೊಂಡು, ಅದು ಎಡತೋಳಿಗೋ ದವಡೆಗೋ ಹರಡಿ, ಬೆವರು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ, ಬಾಗಿಲಿನ ಚಿಲಕ ತೆಗೆದು, ಓಡಾಡದೆ ಕುಳಿತುಕೊಳ್ಳಬೇಕು; ತಾವೇ ವಾಹನ ಚಲಾಯಿಸಬಾರದು. ಮಧುಮೇಹಿಗಳಲ್ಲಿ ಮತ್ತು ಮಹಿಳೆಯರಲ್ಲಿ ನೋವಿಲ್ಲದೆ ಉಬ್ಬಸ, ವಾಕರಿಕೆ ಮಾತ್ರವೇ ಕಾಣಿಸುವುದೂ ಉಂಟು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದಾಗಲಿ, ಮುಚ್ಚಿದ ಅಪಧಮನಿಯನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿಯಾಗಲಿ ಎಷ್ಟು ಬೇಗ ಸಿಕ್ಕರೆ ಅಷ್ಟು ಹೆಚ್ಚು ಸ್ನಾಯು ಉಳಿಯುತ್ತದೆ.