ಮಗ್ಗಿ ಬಾಯಿಪಾಠ ಮಾಡಿಸಲೇಬೇಕೇ?

ಪರ: ಬಾಯಲ್ಲಿ ಮಗ್ಗಿ ಇದ್ದರೆ ತಲೆಗೆ ಬಿಡುವು

ನಾನು ಹತ್ತನೇ ತರಗತಿಗೆ ಗಣಿತ ಹೇಳಿಕೊಡುವವಳು. ವರ್ಗ ಸಮೀಕರಣದ ಪಾಠದಲ್ಲಿ ಮಕ್ಕಳು ಮುಗ್ಗರಿಸುವ ಜಾಗ ನೋಡಿದರೆ, ಬಹಳ ಸಲ ಕೊರತೆ ಇರುವುದು ಮೂರನೇ ತರಗತಿಯಲ್ಲಿ ಕಲಿಯದೇ ಬಿಟ್ಟ ಮಗ್ಗಿಯಲ್ಲಿ. ‘ಎಕ್ಸ್ ವರ್ಗ, 13 ಎಕ್ಸ್, 42’ ಎಂದು ಬೋರ್ಡಿನ ಮೇಲೆ ಬರೆದು, ಗುಣಿಸಿದರೆ 42, ಕೂಡಿದರೆ 13 ಬರುವ ಸಂಖ್ಯೆಗಳು ಯಾವುವು ಅಂತ ಕೇಳುತ್ತೇನೆ. ‘ಆರೇಳ್ಲ ನಲವತ್ತೆರಡು’ ನಾಲಿಗೆ ತುದಿಯಲ್ಲಿರುವ ಹುಡುಗಿಗೆ 42 ನೋಡುತ್ತಲೇ 6 ಮತ್ತು 7 ಹೊಳೆಯುತ್ತವೆ. ಪಕ್ಕದವಳು 2ರಿಂದ ಭಾಗಿಸಿ ನೋಡುತ್ತಾಳೆ, 3ರಿಂದ ನೋಡುತ್ತಾಳೆ, ಪುಟದ ಅಂಚಿನಲ್ಲಿ ಗೀಟು ಎಳೆದು ಎಣಿಸುತ್ತಾಳೆ. ಉತ್ತರ ಸಿಗುವಷ್ಟರಲ್ಲಿ ಯಾತಕ್ಕೆ ಹುಡುಕುತ್ತಿದ್ದೆ ಅನ್ನುವುದೇ ಮರೆತಿರುತ್ತದೆ. ಇಬ್ಬರೂ ಜಾಣೆಯರೇ. ಆದರೆ ಪಾಠ ಹತ್ತಿದ್ದು ಒಬ್ಬಳಿಗೆ ಮಾತ್ರ.

ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ನಾಲ್ಕಾರು ಸಂಗತಿಗಳನ್ನಷ್ಟೇ. 1512ನ್ನು 7ರಿಂದ ಭಾಗಿಸುವ ಹುಡುಗ 15ರಲ್ಲಿ ಏಳು ಎಷ್ಟು ಸಲ, ಉಳಿದದ್ದೆಷ್ಟು, ಮುಂದಿನ ಅಂಕಿ ಇಳಿಸಿಕೊಂಡೆನಾ ಎಂದು ಎಲ್ಲವನ್ನೂ ಒಟ್ಟಿಗೆ ಗಮನದಲ್ಲಿ ಇಟ್ಟುಕೊಳ್ಳಬೇಕು. ಆ ನಡುವೆ ಏಳರ ಮಗ್ಗಿಯನ್ನೂ ಹೊಸದಾಗಿ ಕಟ್ಟಿಕೊಳ್ಳುತ್ತಾ ಕೂತರೆ ಭಾಗಾಕಾರ ಅರ್ಥವಾಗುವುದು ಯಾವಾಗ? ಭಿನ್ನರಾಶಿಯಲ್ಲೂ ಇದೇ ಪಾಡು. 18, 24 ಎರಡರಲ್ಲೂ ಆರು ಇದೆ ಎಂದು ಥಟ್ಟನೆ ಹೊಳೆಯದಿದ್ದರೆ ಸಂಕ್ಷೇಪಿಸುವುದೇ ದೊಡ್ಡ ಕಷ್ಟ.

ಅರ್ಥವಾದ ಮೇಲೆಯೇ ನೆನಪು ಎಂಬ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂಬತ್ತರ ಮಗ್ಗಿ ಬಾಯಿಗೆ ಬಂದ ಮಗುವೇ ಒಂದು ದಿನ ‘ಟೀಚರ್, 18, 27, 36, ಎಲ್ಲದರಲ್ಲೂ ಅಂಕಿ ಕೂಡಿದರೆ ಒಂಬತ್ತೇ!’ ಅನ್ನುವುದು. ನೆನಪಿನಲ್ಲಿ ಸರಕು ಇದ್ದುದರಿಂದಲೇ ಅದರೊಳಗಿನ ಕ್ರಮ ಕಂಡಿತು. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲು, ಒಂದೂವರೆಯ ಮಗ್ಗಿಗಳನ್ನೂ ಕಲಿತಿದ್ದರು, ಸಂತೆಯಲ್ಲಿ ಅದೇ ಅವರ ಬಲ. 12ನೇ ಶತಮಾನದ ರಾಜಾದಿತ್ಯ ಲೆಕ್ಕದ ಸೂತ್ರಗಳನ್ನು ಕನ್ನಡ ಪದ್ಯದಲ್ಲಿ ಹೇಳಿದ. ಪದ್ಯ ನೆನಪಿನಲ್ಲಿ ನಿಲ್ಲುತ್ತದೆ.

ಮನೆಯಲ್ಲಿ ಓದಿಸುವವರಿಲ್ಲದ ಮಕ್ಕಳ ವಿಷಯವೂ ಇದೆ. ಶಾಲೆಯಲ್ಲಿ ದಿನಾ ಹತ್ತು ನಿಮಿಷ ಒಟ್ಟಿಗೆ ಮಗ್ಗಿ ಹೇಳಿಸದಿದ್ದರೆ ಅವರಿಗೆ ಅದು ಇನ್ನೆಲ್ಲೂ ಸಿಗುವುದಿಲ್ಲ. ಉಳಿದವರಿಗೆ ಟ್ಯೂಷನ್ ಇದ್ದೇ ಇದೆ.

ವಿರೋಧ: ಮೊದಲು ಗುಣಾಕಾರ ತಿಳಿಯಲಿ

ಮೂರನೇ ತರಗತಿಯ ಹುಡುಗನೊಬ್ಬನಿಗೆ ಇಪ್ಪತ್ತರವರೆಗೆ ಮಗ್ಗಿ ಬರುತ್ತದೆ ಅಂದುಕೊಳ್ಳಿ. ‘ಆರು ನಾಲ್ಕ್ಲ ಇಪ್ಪತ್ನಾಲ್ಕು ಆಗುವ ಹಾಗೆ ಒಂದು ಲೆಕ್ಕ ನೀನೇ ಮಾಡಿ ಹೇಳು’ ಎಂದು ಕೇಳಿ. ‘ನನ್ನ ಹತ್ರ ಆರು ಲಾಡು ಇತ್ತು, ಅಮ್ಮ ಇನ್ನೂ ನಾಲ್ಕು ಕೊಟ್ಟಳು’ ಎಂದು ಶುರು ಮಾಡುವ ಮಕ್ಕಳನ್ನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಯಾರು ಬೇಕಾದರೂ ಬಲ್ಲರು. ಮೇಷ್ಟ್ರಾಗಿ ನಾನು ದಿನನಿತ್ಯ ಕೇಳಿಸಿಕೊಳ್ಳುವ ಪ್ರಶ್ನೆ ಒಂದೇ: ‘ಸಾರ್, ಇದು ಕೂಡೋದಾ, ಗುಣಿಸೋದಾ?’ ಮಗ್ಗಿ ಗೊತ್ತಿರುವ ಮಕ್ಕಳೇ ಇದನ್ನು ಕೇಳುತ್ತಾರೆ. ನನಗೆ ಇದಕ್ಕಿಂತ ಸಂಕಟದ ಮಾತು ಬೇರೆ ಇಲ್ಲ.

ಬರೀ ಬಾಯಿಪಾಠಕ್ಕೆ ಇನ್ನೊಂದು ದೋಷ ಇದೆ. ಏಳೆಂಟ್ಲ ಎಷ್ಟು ಎಂದರೆ ಮಗು ‘ಏಳೊಂದ್ಲ ಏಳು’ ಇಂದ ಹೊರಡುತ್ತದೆ, ನಡುವೆ ತಡೆದರೆ ಮತ್ತೆ ಮೊದಲಿಗೆ. ಹುಣಸೆಬೀಜವನ್ನು ಎಂಟರಂತೆ ಏಳು ಸಾಲು ಜೋಡಿಸಿದ ಮಗುವಿಗೆ ದಾರಿಗಳು ಹಲವು. ಐದು ಸಾಲಿಗೆ ನಲವತ್ತು, ಉಳಿದ ಎರಡಕ್ಕೆ ಹದಿನಾರು, ಒಟ್ಟು ಐವತ್ತಾರು. ಅದೇ ಬೀಜಗಳನ್ನು ಪಕ್ಕದಿಂದ ನೋಡಿದರೆ ಏಳರಂತೆ ಎಂಟು ಸಾಲು. ಇಷ್ಟು ಕಂಡಮೇಲೆ ಹತ್ತರವರೆಗಿನ ನೂರು ಗುಣಲಬ್ಧಗಳನ್ನು ಬಿಡಿಬಿಡಿಯಾಗಿ ಉರುಹೊಡೆಯುವ ಅಗತ್ಯವೇ ಬೀಳುವುದಿಲ್ಲ. ಒಂದರದು, ಹತ್ತರದು ಬಿಟ್ಟು, ಅದಲುಬದಲಾದವನ್ನು ಒಂದೇ ಎಂದು ಎಣಿಸಿದರೆ ಉಳಿಯುವುದು 36 ಮಾತ್ರ. ಅಷ್ಟು ನೆನಪಿನಲ್ಲಿ ಇರಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಅದು ಬರುವ ದಾರಿಯ ಬಗ್ಗೆ.

ವರ್ಗ ಸಮೀಕರಣದಲ್ಲಿ 6 ಮತ್ತು 7 ಹೊಳೆದರೆ ಸಾಕು ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಆ ಎರಡನ್ನು ಕೂಡಿದರೆ ಬರುವ 13, ಎಕ್ಸ್‌ನ ಮುಂದೆ ಕೂರುವುದು ಯಾಕೆ? ಒಂದು ಬದಿ ಎಕ್ಸ್ ಮತ್ತು 6, ಇನ್ನೊಂದು ಬದಿ ಎಕ್ಸ್ ಮತ್ತು 7 ಇರುವ ಆಯತ ಬರೆದು ನಾಲ್ಕು ತುಂಡು ಮಾಡಿ. ಎಕ್ಸ್ ವರ್ಗ ಒಂದು ತುಂಡು, 7 ಎಕ್ಸ್ ಇನ್ನೊಂದು, 6 ಎಕ್ಸ್ ಮತ್ತೊಂದು, ಮೂಲೆಯಲ್ಲಿ 42. ಹದಿಮೂರು ಎಲ್ಲಿಂದ ಬಂತೆಂದು ಕಣ್ಣಿಗೇ ಕಾಣುತ್ತದೆ. ಬೀಜದ ಸಾಲು ಜೋಡಿಸಿ ಗುಣಾಕಾರ ಕಲಿತ ಮಗುವಿಗೆ ಈ ಚಿತ್ರ ಹೊಸದೇನಲ್ಲ.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ನಡೆಸಿದ ಅಧ್ಯಯನ 2025ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ತರಕಾರಿ ಮಾರುವ ಮಕ್ಕಳು ಹಲವು ಸಾಮಾನಿನ ಬೆಲೆ, ಕೊಡಬೇಕಾದ ಚಿಲ್ಲರೆ ಎಲ್ಲವನ್ನೂ ಮನಸ್ಸಿನಲ್ಲೇ ಸರಿಯಾಗಿ ಲೆಕ್ಕ ಹಾಕುತ್ತಿದ್ದರು. ಶಾಲೆಯ ಪುಸ್ತಕದ ರೀತಿಯಲ್ಲಿ ಲೆಕ್ಕ ಕೊಟ್ಟರೆ ಹೆಚ್ಚಿನವರಿಗೆ ಬರಲಿಲ್ಲ. ವ್ಯಾಪಾರ ಮಾಡದ ಶಾಲಾಮಕ್ಕಳದು ಇದಕ್ಕೆ ತಿರುಗುಮುರುಗು. ತಲೆ ಇಬ್ಬರಿಗೂ ಇದೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ದಾಟಿಸುವ ಕೆಲಸ ನಮ್ಮ ತರಗತಿಗಳಲ್ಲಿ ಆಗುತ್ತಿಲ್ಲ, ರಾಗವಾಗಿ ಮಗ್ಗಿ ಹೇಳಿಸುವುದರಿಂದ ಅದು ಆಗುವುದೂ ಇಲ್ಲ.

ಇನ್ನು ಭಯ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗೆ ಸಿದ್ಧವಾದ ಗಣಿತ ಬೋಧನೆಯ ವರದಿ, ಬಹುಪಾಲು ಮಕ್ಕಳಲ್ಲಿ ಗಣಿತದ ಬಗ್ಗೆ ಹೆದರಿಕೆ, ಸೋತೆನೆಂಬ ಭಾವನೆ ಇದೆ ಎಂದಿತು. ಎದ್ದು ನಿಂತು ಹದಿನೇಳರ ಮಗ್ಗಿ ಹೇಳಲಾಗದೆ ತಲೆ ತಗ್ಗಿಸಿದ ಮಗುವಿಗೆ ಆ ಹೆದರಿಕೆ ಅಲ್ಲೇ ಶುರುವಾಗುತ್ತದೆ.

‘ನಮ್ಮ ಮಗುಗೆ ಎಷ್ಟರವರೆಗೆ ಮಗ್ಗಿ ಬರುತ್ತೆ ಸಾರ್?’ ಎಂದು ವಿಚಾರಿಸುವ ತಂದೆತಾಯಿಗೆ ನಾನು ಕೊಡುವ ಕೆಲಸ ಚಿಕ್ಕದು. ಏಳಾರ್ಲ ಎಷ್ಟು ಅಂತ ಕೇಳಿ. ಉತ್ತರ ಸರಿಯಾಗಿ ಬಂದ ಮೇಲೆ, ‘ಅದು ಹೇಗೆ, ಕಡ್ಡಿ ಇಟ್ಟು ತೋರಿಸು ಪುಟ್ಟಾ’ ಅನ್ನಿ. ತೋರಿಸಲು ಬಾರದಿದ್ದರೆ ಎಂಟರ ಮಗ್ಗಿಗೆ ಅವಸರ ಮಾಡಬೇಡಿ.