ಬೈಯೋಕಾದ್ರೂ ಬನ್ನಿ ಸ್ವಾಮಿ

1966ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾದ ಪಾಕ್ ದೂ-ಇಕ್ ಎಂಬಾತ ಒಂದೇ ಒಂದು ಗೋಲು ಹೊಡೆದು ಇಟಲಿಯನ್ನು ಮನೆಗೆ ಕಳಿಸಿದ. ಇಟಲಿಯ ಆಟಗಾರರು ಜನರ ಕಣ್ಣು ತಪ್ಪಿಸಿಕೊಂಡು ರಾತ್ರಿ ಹೊತ್ತು ಜಿನೋವಾದಲ್ಲಿ ವಿಮಾನ ಇಳಿದರು. ಅಲ್ಲಿಗೂ ಜನ ಬಂದಿದ್ದರು, ಕೊಳೆತ ಟೊಮೆಟೊ ಸಮೇತ. 1998ರಲ್ಲಿ ರೆಡ್ ಕಾರ್ಡ್ ತಿಂದು ಬಂದ ಇಂಗ್ಲೆಂಡಿನ ಬೆಕ್‌ಹ್ಯಾಮ್‌ನ ಪ್ರತಿಕೃತಿಯನ್ನು ಲಂಡನ್ನಿನ ಪಬ್ಬೊಂದರ ಮುಂದೆ ನೇಣು ಹಾಕಿದ್ದರು. 2010ರಲ್ಲಿ ನೈಜೀರಿಯಾ ಮೊದಲ ಸುತ್ತಿನಲ್ಲೇ ಸೋತಾಗ ಅಲ್ಲಿನ ಅಧ್ಯಕ್ಷ ಗುಡ್‌ಲಕ್ ಜೊನಾಥನ್, ಎರಡು ವರ್ಷ ತಂಡ ಎಲ್ಲಿಯೂ ಆಡಕೂಡದು ಎಂದು ಅಪ್ಪಣೆ ಹೊರಡಿಸಿಬಿಟ್ಟರು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕಣ್ಣು ಕೆಂಪಗೆ ಮಾಡಿದ ಮೇಲೆ ವಾಪಸ್ ತಗೊಂಡರು, ಆ ಮಾತು ಬೇರೆ. 2014ರಲ್ಲಿ ದಕ್ಷಿಣ ಕೊರಿಯಾದ ತಂಡ ಬರಿಗೈಯಲ್ಲಿ ಬಂದಾಗ ಇಂಚಾನ್ ವಿಮಾನ ನಿಲ್ದಾಣದಲ್ಲಿ ಅವರ ಮೇಲೆ ಮಿಠಾಯಿ ಬಿತ್ತು. ಅಲ್ಲಿ ಆ ಮಿಠಾಯಿ ಎಸೆದರೆ ಬಾಯಿಗೆ ಬಂದಂತೆ ಬೈದ ಹಾಗಂತೆ.

ಓದಿದರೆ ಹೊಟ್ಟೆಕಿಚ್ಚಾಗುತ್ತದೆ. ನಿದ್ದೆಗೆಟ್ಟು, ವಿಮಾನದ ಟೈಮ್ ಪತ್ತೆ ಹಚ್ಚಿ, ಮಾರ್ಕೆಟ್ಟಿನಲ್ಲಿ ಹದವಾಗಿ ಕೊಳೆತಿದ್ದನ್ನೇ ಆರಿಸಿ ತರಬೇಕೆಂದರೆ ಎಷ್ಟು ಅಕ್ಕರೆ ಇರಬೇಡ! ನಮ್ಮಲ್ಲೇನು ಟೊಮೆಟೊಗೆ ಬರವೇ? ಕೋಲಾರದ ಕಡೆ ಬೆಲೆ ಬಿದ್ದಾಗ ಟ್ರ್ಯಾಕ್ಟರ್‌ಗಟ್ಟಲೆ ರಸ್ತೆಗೆ ಸುರಿಯುತ್ತಾರೆ. ಸರಕಿಗೆ ಕೊರತೆಯಿಲ್ಲ. ಸೋತು ಬರುವ ತಂಡಕ್ಕಂತೂ ಮೊದಲೇ ಕೊರತೆಯಿಲ್ಲ.

ಆದರೂ 2025ರ ಅಕ್ಟೋಬರ್ 14ರಂದು ಗೋವಾದ ಫಟೋರ್ಡಾ ಮೈದಾನದಲ್ಲಿ ಭಾರತ ಸಿಂಗಪುರದ ಕೈಲಿ 1–2ರಿಂದ ಸೋತು, 2027ರ ಏಷ್ಯನ್ ಕಪ್‌ನ ಬಾಗಿಲು ಮುಚ್ಚಿಕೊಂಡಾಗ ಒಂದು ಟೊಮೆಟೊ ಕೂಡ ಹಾರಲಿಲ್ಲ. ನಮ್ಮ ಚಾಂಗ್ಟೆ 14ನೇ ನಿಮಿಷದಲ್ಲೇ ದೂರದಿಂದ ಬಾರಿಸಿ ಚೆಂದದ ಗೋಲು ಕೊಟ್ಟಿದ್ದ. ಆಮೇಲೆ ಸಿಂಗಪುರದ ಸಾಂಗ್ ಉಯಿ-ಯಂಗ್ ಎಂಬಾತ ಅರ್ಧವಿರಾಮಕ್ಕೆ ಮುಂಚೆ ಒಂದು, ನಂತರ ಒಂದು ಹೊಡೆದು ಕಥೆ ಮುಗಿಸಿದ. ಗುಂಪಿನಲ್ಲಿದ್ದವರು ಯಾರು? ಸಿಂಗಪುರ, ಹಾಂಗ್‌ಕಾಂಗ್, ಬಾಂಗ್ಲಾದೇಶ. ಡ್ರಾ ಎತ್ತಿದಾಗ ನಾವೇ ಮೇಲಿನ ಶ್ರೇಯಾಂಕದವರು. ಜಪಾನ್ ಇಲ್ಲ, ಇರಾನ್ ಇಲ್ಲ, ಹಾದಿಯುದ್ದಕ್ಕೂ ಚಪ್ಪರ ಹಾಕಿ ತೋರಣ ಕಟ್ಟಿದ ಹಾಗಿತ್ತು. ಅದರೊಳಗೇ ಎಡವಿ ಬಿದ್ದೆವು.

ಅದೇ ದಿನ ಬೆಳಿಗ್ಗೆ ದೆಹಲಿಯಲ್ಲಿ ನಮ್ಮ ಕೆ.ಎಲ್. ರಾಹುಲ್ ಔಟಾಗದೆ 58 ಹೊಡೆದು ವೆಸ್ಟ್ ಇಂಡೀಸ್ ಮೇಲೆ ಟೆಸ್ಟ್ ಗೆಲ್ಲಿಸಿದ್ದರು. ಹಾಗಾಗಿ ಆ ದಿನದ ದೇಶಭಕ್ತಿಯ ಕೋಟಾ ಮಧ್ಯಾಹ್ನದೊಳಗೇ ಖರ್ಚಾಗಿತ್ತು. ಮಾರನೆಯ ದಿನ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತಿದ್ದ ಸಹೋದ್ಯೋಗಿಗೆ, "ಎಲಿಮಿನೇಟ್ ಆಗ್ಬಿಟ್ರು ಕಣ್ರೀ" ಅಂದೆ. ಆತ ಲೋಟ ಕೆಳಗಿಟ್ಟು, ಗಾಬರಿಯಿಂದ, "ಮಿಡ್‌ವೀಕಾ? ಯಾರು?" ಎಂದ. ಬಿಗ್ ಬಾಸ್ ಅಲ್ಲ ಮಾರಾಯ, ಫುಟ್‌ಬಾಲ್ ಎಂದ ಕೂಡಲೇ ಅವನ ಮುಖದಲ್ಲಿ ಕಂಡ ನೆಮ್ಮದಿಯನ್ನು ಹೇಗೆ ವರ್ಣಿಸಲಿ! ಲೋಟ ಮತ್ತೆ ಕೈಗೆ ಬಂತು. "ಓ... ಇಂಡಿಯಾದವ್ರು ಆಡ್ತಿದ್ರಾ?"

ಇಲ್ಲಿ ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿಯವರನ್ನು ನೆನೆಯಬೇಕು. ಬೆಂಗಳೂರು ಎಫ್‌ಸಿಯ ಕಾರಣಕ್ಕೆ ಅವರು ಅರ್ಧ ಬೆಂಗಳೂರಿನವರೇ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೀನೀ ತೈಪೆಯನ್ನು 5–0ಯಿಂದ ಬಡಿದಾಗ ನೋಡಲು ಬಂದಿದ್ದವರು 2,569 ಮಂದಿ. ಒಂದು ಸುಮಾರಾದ ಮದುವೆಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ, ಊಟ ಇರುತ್ತದೆಂಬುದು ನಿಜ. ಆಗ ಛೆಟ್ರಿ ಮೊಬೈಲ್ ಕ್ಯಾಮೆರಾ ಮುಂದೆ ಕುಳಿತು ಕೈಮುಗಿದು ಕೇಳಿಕೊಂಡರು: ಟೀಕಿಸಿ, ಬೈಯಿರಿ, ಪರವಾಗಿಲ್ಲ, ಆದರೆ ಸ್ಟೇಡಿಯಂಗೆ ಬನ್ನಿ ಎಂದು. ಲೋಕದಲ್ಲಿ ಕ್ಯಾಪ್ಟನ್ನುಗಳು ಬೈಗುಳ ತಪ್ಪಿಸಿಕೊಳ್ಳಲು ಹಿಂಬಾಗಿಲಿನಿಂದ ಓಡುತ್ತಾರೆ. ನಮ್ಮವರು ಬೈಗುಳಕ್ಕೆ ಅರ್ಜಿ ಹಾಕಿಕೊಂಡರು. ಅರ್ಜಿ ಒಮ್ಮೆ ಮಂಜೂರೂ ಆಯಿತು, ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್ಟುಗಳು ಖಾಲಿಯಾದವು. ಆಮೇಲೆ ಕಡತ ಯಾವ ಟೇಬಲ್ಲಿನ ಮೇಲೆ ನಿಂತಿತೋ ಗೊತ್ತಿಲ್ಲ. 2024ರ ಜೂನ್‌ನಲ್ಲಿ ಛೆಟ್ರಿ ನಿವೃತ್ತರಾದರು. ಒಂದು ವರ್ಷ ತುಂಬುವುದರೊಳಗೆ, ಗೋಲು ಹೊಡೆಯುವವರು ಯಾರೂ ಸಿಗುತ್ತಿಲ್ಲ ಎಂದು, ನಲವತ್ತು ತುಂಬಿದ ಅವರನ್ನೇ ವಾಪಸ್ ಕರೆದರು. ಪಿಂಚಣಿ ಕಾಗದಕ್ಕೆ ಸಹಿ ಹಾಕಿದ ಹೆಡ್ ಕ್ಲರ್ಕನ್ನು, "ಸಾರ್, ಬೀರು ಕೀ ಎಲ್ಲಿಟ್ರಿ" ಅಂತ ಮನೆಯಿಂದ ಎಬ್ಬಿಸಿ ಕರೆತರುವ ನಮ್ಮ ಆಫೀಸುಗಳ ಪದ್ಧತಿ ಆಟಕ್ಕೂ ಬಂತು. ಬಂದವರೇ ಮಾಲ್ಡೀವ್ಸ್ ಮೇಲೆ ಗೋಲು ಹೊಡೆದರು ಅನ್ನಿ. ಬೀರು ಕೀ ನಿಜಕ್ಕೂ ಅವರ ಹತ್ತಿರವೇ ಇತ್ತು.

ಹಾಗಂತ ಸೋತಾಗ ಮಾತಾಡುವವರು ಒಬ್ಬರೂ ಇಲ್ಲ ಎನ್ನಲಾರೆ. ಮೊದಲು ಬರುವವರು ಗಣಿತದ ಮೇಷ್ಟ್ರು. "140 ಕೋಟಿ ಜನರಲ್ಲಿ 11 ಜನ ಸಿಗಲಿಲ್ವೇನ್ರೀ?" ಪಂದ್ಯ ನೋಡಿಲ್ಲ, ಯಾರ ವಿರುದ್ಧ ಎಂದು ಗೊತ್ತಿಲ್ಲ, ಎಡಗಡೆಯ ಡಿಫೆಂಡರ್ ಯಾರು ಎಂದರೆ ಆಕಾಶ ನೋಡುತ್ತಾರೆ. ಭಾಗಾಕಾರ ಮಾತ್ರ ತಪ್ಪುವುದಿಲ್ಲ. ಆ 140 ಕೋಟಿಯಲ್ಲಿ ತಾವೂ ಒಬ್ಬರು, ತಮ್ಮ ಮಗನೂ ಒಬ್ಬ, ಆ ಮಗ ಶಾಲೆಯ ಮೈದಾನದಲ್ಲಿ ಚೆಂಡು ಒದ್ದಾಗ ಶೂ ಹರಿಯುತ್ತದೆ ಎಂದು ಟ್ಯೂಷನ್‌ಗೆ ಅಟ್ಟಿದವರೂ ತಾವೇ. ಇದು ಅವರ ಲೆಕ್ಕದಲ್ಲಿ ಬರುವುದಿಲ್ಲ. ಅವರ ಪುಣ್ಯಕ್ಕೆ ಆ ವಾರ ಲೆಕ್ಕ ಇನ್ನೂ ಚೆನ್ನಾಗಿ ಕೂಡಿ ಬಂತು. ನಾವು ಸೋಲುವ ಹಿಂದಿನ ದಿನವೇ, ಹೆಚ್ಚು ಕಡಿಮೆ ಐದು ಲಕ್ಷ ಜನರಿರುವ ಕೇಪ್ ವರ್ಡೆ ದೇಶ ಎಸ್ವಟಿನಿಯನ್ನು 3–0ಯಿಂದ ಸೋಲಿಸಿ ವಿಶ್ವಕಪ್‌ಗೇ ಹೋಗಿತ್ತು. ನವೆಂಬರ್ 18ರಂದು ನಾವು ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0–1ರಿಂದ ಸೋತೆವು. 22 ವರ್ಷಗಳಲ್ಲಿ ಅವರು ನಮ್ಮನ್ನು ಸೋಲಿಸಿದ್ದು ಅದೇ ಮೊದಲು. ಅದೇ ತಾರೀಖಿನಂದು ಒಂದೂವರೆ ಲಕ್ಷದಷ್ಟು ಜನರಿರುವ ಕ್ಯುರಸಾವ್ ದ್ವೀಪ ಜಮೈಕಾ ಜತೆ ಡ್ರಾ ಮಾಡಿಕೊಂಡು ವಿಶ್ವಕಪ್‌ಗೆ ನುಗ್ಗಿತು. ಮೇಷ್ಟ್ರಿಗೆ ಎರಡು ದಿನ ಊಟ ಸೇರಿತು.

ಎರಡನೆಯವರು ಬರಿಗಾಲಿನ ಅಂಕಲ್. "1950ರಲ್ಲಿ ನಮ್ಮವ್ರು ಬರಿಗಾಲಲ್ಲಿ ಆಡ್ತೀವಿ ಅಂದ್ರು, ಫಿಫಾದವ್ರು ಬಿಡ್ಲಿಲ್ಲ ಕಣಪ್ಪಾ, ಇಲ್ಲಾಂದ್ರೆ..." ಇಲ್ಲಾಂದ್ರೆ ಏನು ಎಂಬುದನ್ನು ಅವರು ಪೂರ್ತಿ ಮಾಡುವುದಿಲ್ಲ, ನಮ್ಮ ಕಣ್ಣಿಗೆ ನೀರು ಬರಲಿ ಎಂದು ಬಿಡುತ್ತಾರೆ. ನಡೆದದ್ದು ಇಷ್ಟು: ಎದುರಾಳಿಗಳೆಲ್ಲ ಹಿಂದೆ ಸರಿದಿದ್ದರಿಂದ ಒಂದೂ ಪಂದ್ಯ ಆಡದೆ ನಮಗೆ ಜಾಗ ಸಿಕ್ಕಿತ್ತು. ನಮ್ಮ ಸಂಸ್ಥೆಯವರು ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಪುರುಸೊತ್ತಿಲ್ಲ ಎಂದು ಕಾರಣ ಕೊಟ್ಟು ಹೋಗಲೇ ಇಲ್ಲ. ಆದರೆ ಸಮಿತಿಯವರು ಕಚ್ಚಾಡಿಕೊಂಡರು ಎಂಬ ಕಥೆಯಲ್ಲಿ ಏನು ಸ್ವಾರಸ್ಯ? ಅದು ಪ್ರತಿ ವರ್ಷ ನಡೆಯುವಂಥದ್ದು. ಬರಿಗಾಲಿನಲ್ಲಾದರೆ ಬಡತನವಿದೆ, ಸ್ವಾಭಿಮಾನವಿದೆ, ದೊರೆಗಳ ದಬ್ಬಾಳಿಕೆಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಿಜಕ್ಕೂ ಬಹುಪಾಲು ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ ಬೆವರಿಳಿಸಿ, ಎರಡು ಪೆನಾಲ್ಟಿ ಕೈಚೆಲ್ಲಿ, 1–2ರಿಂದ ಸೋತ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಅಂಕಲ್‌ಗೆ ಆ ಹೆಸರು ಹೇಳಿ ನೋಡಿ. "ಯಾರು, ಶಿವಾಜಿನಗರದ ಮಟನ್ ಅಂಗಡಿಯವನಾ?"

ಇನ್ನು "ಎಲ್ಲಾ ಕ್ರಿಕೆಟ್‌ನಿಂದ ಹಾಳಾಯ್ತು" ಎನ್ನುವವರು. ಇವರು ಈ ಮಾತು ಹೇಳುವುದೂ ಇನಿಂಗ್ಸ್ ಬ್ರೇಕ್‌ನಲ್ಲಿ.

ಅಭಿಮಾನಿಗಳನ್ನೇ ದೂರಿ ಏನು ಫಲ, ದೊಡ್ಡವರು ದಾರಿ ತೋರಿಸಬೇಕಲ್ಲ. 2022ರ ಏಷ್ಯನ್ ಕಪ್ ಅರ್ಹತಾ ಪಂದ್ಯಗಳ ಹೊತ್ತಿಗೆ ಅಂದಿನ ಕೋಚ್ ಇಗೋರ್ ಸ್ಟಿಮಾಚ್ ಆಟಗಾರರ ಪಟ್ಟಿಯನ್ನು ದೆಹಲಿಯ ಜ್ಯೋತಿಷಿಯೊಬ್ಬರಿಗೆ ಕಳಿಸಿ ಯಾರ ಗ್ರಹಗತಿ ಹೇಗಿದೆ ಎಂದು ಕೇಳುತ್ತಿದ್ದರೆಂದು ಮರುವರ್ಷ ಪತ್ರಿಕೆಯಲ್ಲಿ ಬಂತು. ನಮ್ಮ ಫುಟ್‌ಬಾಲ್ ಫೆಡರೇಷನ್ ಅದಕ್ಕಾಗಿ ಲಕ್ಷಗಟ್ಟಲೆ ಕೊಟ್ಟಿತ್ತೆಂದೂ ಬಂತು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಯಾಕೆಂದರೆ ಜ್ಯೋತಿಷಿ ಇದ್ದ ಸಲ ಭಾರತ ಅರ್ಹತೆ ಪಡೆಯಿತು. ಜ್ಯೋತಿಷಿಯ ಸುದ್ದಿಯೇ ಇಲ್ಲದ ಸಲ ಸಿಂಗಪುರ ಬಂದು ಹೊಡೆದು ಹೋಯಿತು. ವೈಜ್ಞಾನಿಕ ಮನೋಭಾವ ಉಳ್ಳ ಯಾರೇ ಆದರೂ ಇದರಿಂದ ಯಾವ ತೀರ್ಮಾನಕ್ಕೆ ಬರಬೇಕು? ಸೆಂಟರ್ ಫಾರ್ವರ್ಡ್‌ಗೆ ಅಷ್ಟಮ ಶನಿ ನಡೆಯುತ್ತಿದ್ದರೆ ಚೆಂಡು ಕಂಬಕ್ಕೆ ಬಡಿಯದೆ ಇನ್ನೆಲ್ಲಿಗೆ ಹೋದೀತು? ಘಾಟಿ ಸುಬ್ರಹ್ಮಣ್ಯದಲ್ಲಿ ಒಂದು ಸರ್ಪದೋಷ ಶಾಂತಿ ಮಾಡಿಸಿದ್ದರೆ ವಿದೇಶಿ ಕೋಚ್‌ನ ಒಂದು ತಿಂಗಳ ಸಂಬಳದ ಬಡ್ಡಿಯೂ ಖರ್ಚಾಗುತ್ತಿರಲಿಲ್ಲ.

ಕೋಚ್ ಎಂದಾಗ ನೆನಪಾಯಿತು. 2025ರ ಜುಲೈನಲ್ಲಿ ಹೊಸ ಕೋಚ್‌ಗೆ ಅರ್ಜಿ ಕರೆದಾಗ ಬಾರ್ಸಿಲೋನಾದ ಮಾಜಿ ಕೋಚ್ ಚಾವಿ ಹೆರ್ನಾಂಡೆಜ್ ಅರ್ಜಿ ಹಾಕಿದ್ದಾರೆ, ಆದರೆ ದುಬಾರಿಯಾದ ಕಾರಣ ಪರಿಗಣಿಸಲಿಲ್ಲ ಎಂಬ ಸುದ್ದಿ ಹೊರಬಿತ್ತು. ಜಗತ್ತೆಲ್ಲ ಬಾಯಿ ಬಿಟ್ಟು ನೋಡಿತು. ಆಮೇಲೆ ಫೆಡರೇಷನ್ನೇ ಹೇಳಿಕೆ ಕೊಟ್ಟಿತು: ಚಾವಿಯದ್ದು ಮಾತ್ರವಲ್ಲ, ಇನ್ನೊಬ್ಬ ದೊಡ್ಡ ಕೋಚ್ ಪೆಪ್ ಗ್ವಾರ್ಡಿಯೋಲಾ ಹೆಸರಲ್ಲೂ ಇಮೇಲ್ ಬಂದಿತ್ತು, ಎರಡೂ ಅಸಲಿಯಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕರುವಿಗೆ ಹುಲ್ಲು ಜಾಸ್ತಿ ಬೇಕಾಗುತ್ತದೆ, ನಮಗೆ ಗಿಟ್ಟುವುದಿಲ್ಲ ಎಂದು ಲೆಕ್ಕವನ್ನೂ ಹಾಕಿದರು. ಅದೇ ವರ್ಷ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಸಿಕೊಡಿ ಎಂದು ಟೆಂಡರ್ ಕರೆದರೆ ಒಂದೇ ಒಂದು ಬಿಡ್ ಬರಲಿಲ್ಲ. ಯಾವನೋ ಪುಣ್ಯಾತ್ಮ ಸುಳ್ಳು ಇಮೇಲ್‌ನಲ್ಲಾದರೂ ಒಂದು ಬಿಡ್ ಕಳಿಸಬಾರದಿತ್ತೇ.

ಇಷ್ಟಾದರೂ ಭಾರತೀಯರಿಗೆ ಫುಟ್‌ಬಾಲ್ ಸೋಲಿನ ನೋವು ಗೊತ್ತಿಲ್ಲ ಎಂದರೆ ಅಪಚಾರವಾದೀತು. 2022ರ ಡಿಸೆಂಬರ್‌ನಲ್ಲಿ ಕ್ರೊಯೇಷಿಯಾ ಪೆನಾಲ್ಟಿಯಲ್ಲಿ ಬ್ರೆಜಿಲ್‌ನ ಕಥೆ ಮುಗಿಸಿದ ರಾತ್ರಿ ಕೇರಳದಲ್ಲಿ ಗಂಡಸರು ಎದೆ ಬಡಿದುಕೊಂಡು ಅತ್ತರು. ಕೋಯಿಕ್ಕೋಡ್ ಹತ್ತಿರದ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ 30 ಅಡಿಯ ಮೆಸ್ಸಿ, ಅದಕ್ಕೆ ಪ್ರತಿಯಾಗಿ 40 ಅಡಿಯ ನೇಮರ್ ಕಟೌಟ್ ನಿಲ್ಲಿಸಿದ್ದ ಊರಿನವರು ಅವರು. ನಮ್ಮಲ್ಲೇನು ಕಮ್ಮಿ? ಪೆಲೆಯ ಪ್ರತಿಮೆ ನಿಲ್ಲಿಸಿರುವ ಬೆಂಗಳೂರಿನ ಗೌತಮಪುರದಲ್ಲಿ ವಿಶ್ವಕಪ್ ಬಂದರೆ ಗಲ್ಲಿಗಲ್ಲಿಗೆ ಹಳದಿ ಬಣ್ಣ. ಆದರೆ ಗೌತಮಪುರದವರನ್ನು ನಾನು ಆಡಿಕೊಳ್ಳುವುದಿಲ್ಲ, ಅವರು ಆಟವನ್ನೂ ಆಡುತ್ತಾರೆ. ನನ್ನ ಕೋಪ ಸೋಫಾದವರ ಮೇಲೆ. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಹುಡುಗ ಒಂದು ಸೋಮವಾರ ಲಿಫ್ಟ್‌ನಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. "ಏನಾಯ್ತಪ್ಪಾ?" ಅಂದೆ. "ನಮ್ ಡಿಫೆನ್ಸೇ ಸರಿ ಇಲ್ಲ ಅಂಕಲ್. ಎಷ್ಟು ಸಲ ಹೇಳೋದು?" ಅವನು ಹೇಳಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ಬಗ್ಗೆ. ಎಷ್ಟು ಸಲ ಹೇಳಿದ್ದಾನೋ, ಅವರು ಕೇಳುತ್ತಿಲ್ಲವಂತೆ. ಭಾರತ ಸೋತಿತಲ್ಲ ಎಂದೆ. "ಹೌದಂತೆ, ಯಾರೋ ಸ್ಟೇಟಸ್ ಹಾಕಿದ್ರು" ಎಂದು ನನ್ನನ್ನೇ ಸಮಾಧಾನ ಮಾಡುವವನಂತೆ ನೋಡಿದ.

2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಈ ವಿಷಯ ಈಗ ಓದಿ ತಿಳಿದವರು ತಡವಾಗಿಯಾದರೂ ಸಂತೋಷಪಡಬಹುದು, ಅವಧಿ ಮುಗಿದಿಲ್ಲ.

ನಮ್ಮ ಜನರಿಗೆ ಎಸೆಯಲು ಬರುವುದಿಲ್ಲ ಎಂಬ ಅನುಮಾನ ಮಾತ್ರ 2025ರ ಡಿಸೆಂಬರ್ 13ರಂದು ಪೂರ್ತಿ ನಿವಾರಣೆಯಾಯಿತು. ಅಂದು ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂಗೆ ಮೆಸ್ಸಿ ಬಂದಿದ್ದರು. ಆಡಲು ಅಲ್ಲ, ಕೈಬೀಸಲು. ಸಾವಿರಾರು ರೂಪಾಯಿ ಕೊಟ್ಟು ಬಂದವರಿಗೆ ಕಂಡದ್ದು ರಾಜಕಾರಣಿಗಳ, ಗಣ್ಯರ, ಸೆಲ್ಫಿ ಹಿಡಿದವರ ಬೆನ್ನು. ಸ್ವಲ್ಪ ಹೊತ್ತಿಗೇ ಮೆಸ್ಸಿ ಹೊರಟುಹೋದರು. ಶುರುವಾಯಿತು ನೋಡಿ. ಬಾಟಲಿ ಹಾರಿದವು, ಕುರ್ಚಿ ಕಿತ್ತು ಎಸೆದರು, ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಮುಖ್ಯಮಂತ್ರಿಗಳೇ ಕ್ಷಮೆ ಕೇಳಿದರು. ಭಾರತ ಎರಡು ತಿಂಗಳ ಹಿಂದೆ ಏಷ್ಯನ್ ಕಪ್ ಕಳೆದುಕೊಂಡಾಗ ದೇಶದ ಯಾವ ಸ್ಟೇಡಿಯಂನಲ್ಲೂ ಒಂದು ಕುರ್ಚಿಯ ಮೊಳೆ ಸಡಿಲವಾಗಿರಲಿಲ್ಲ. ಬೇರೆಯವರ ಆಟಗಾರ ಆಡದೇ ಹೋದದ್ದಕ್ಕೆ ಇಷ್ಟು ಕೋಪ ಬರುವ ಜನರಿಗೆ ನಮ್ಮವರು ಆಡಿ ಸೋತದ್ದಕ್ಕೆ ಅರ್ಧ ಬಾಟಲಿಯಷ್ಟೂ ಬರಲಿಲ್ಲ.

ಫೆಡರೇಷನ್ನಿನವರಿಗೆ ಇದು ಅನುಕೂಲವೇ. ಯಾರೂ ಬೈಯದ ಊರಿನಲ್ಲಿ ಕುರ್ಚಿ ಬಿಡುವ ಅಗತ್ಯ ಬೀಳುವುದಿಲ್ಲ. 2025ರ ಕೊನೆಗೆ ತಂಡ ಫಿಫಾ ಶ್ರೇಯಾಂಕ ಪಟ್ಟಿಯಲ್ಲಿ 142ಕ್ಕೆ ಇಳಿದಿತ್ತು. ಗಾಬರಿ ಬೇಡ. ವಿಶ್ವಕಪ್‌ನಲ್ಲಿ 1982ರಿಂದ 24 ತಂಡಗಳಿದ್ದವು, 1998ಕ್ಕೆ 32 ಮಾಡಿದರು, 2026ಕ್ಕೆ 48 ಮಾಡಿದ್ದಾರೆ. ಫಿಫಾದವರು ನಮ್ಮ ಕಡೆಗೇ ನಡೆದು ಬರುತ್ತಿದ್ದಾರೆ. ನಾವು ಇನ್ನಷ್ಟು ಹಿಂದಕ್ಕೆ ಸರಿಯದೆ ನಿಂತಲ್ಲೇ ನಿಂತರೆ ಒಂದು ದಿನ ಬಂದು ಮುಟ್ಟುತ್ತಾರೆ.

ಮೂರನೇ ಮಹಡಿಯ ಹುಡುಗ ವಿಶ್ವಕಪ್‌ಗೆ ಹೊಸ ಜೆರ್ಸಿ ತರಿಸಿದ್ದಾನೆ. ಈ ಸಲ ಬ್ರೆಜಿಲ್ ಅಲ್ಲ, ಕೇಪ್ ವರ್ಡೆಯದ್ದು. ಅದ್ಯಾಕಪ್ಪಾ ಎಂದು ಕೇಳಿದೆ.

"ಪಾಪ ಅಂಕಲ್, ಸಣ್ಣ ತಂಡ. ಯಾರಾದ್ರೂ ಸಪೋರ್ಟ್ ಮಾಡ್ಬೇಕಲ್ವಾ?"